‘ಹದ್ದು ಮೀರಬೇಡ’ ಅನ್ನುವಾಗ ಯಾವ ಹದ್ದು?

ಓದುಗರ ಪ್ರಶ್ನೆ: ನಮ್ಮ ಜಮೀನಿನ ಅಳತೆಗೆ ಅರ್ಜಿ ಹಾಕಲು ಹೋಗಿದ್ದೆ. ಅದಕ್ಕೆ ‘ಹದ್ದುಬಸ್ತು ಅರ್ಜಿ’ ಅಂತಾರೆ ಎಂದು ಆಗಲೇ ಗೊತ್ತಾಯಿತು. ಹದ್ದು ಅಂದರೆ ಆಕಾಶದಲ್ಲಿ ಹಾರುವ ಹಕ್ಕಿ ಅಲ್ವಾ? ಊರಿನ ಹಿರಿಯರೊಬ್ಬರು, “ಹದ್ದು ಎಷ್ಟು ದೂರ ಸುತ್ತುತ್ತದೋ ಅದು ಅದರ ಸೀಮೆ, ಅದಕ್ಕೇ ಗಡಿಗೆ ಹದ್ದು ಅಂತ ಹೆಸರು” ಎಂದರು. ಇದು ನಿಜವೇ? ‘ಸರಹದ್ದು’ ಅನ್ನುವುದು ‘ಸರಿಯಾದ ಹದ್ದು’ ಅಂತಲೇ? ನಮ್ಮಲ್ಲೇ ಗಡಿ, ಎಲ್ಲೆ ಎಂಬ ಮಾತುಗಳಿರುವಾಗ ಇದು ಯಾಕೆ ಬೇಕಾಯಿತು? ನಮ್ಮೂರ ಹತ್ತಿರ ‘ಹದ್ದಿನಕಲ್ಲು’ ಎಂಬ ಬಂಡೆಯಿದೆ. ಅದು ಯಾವ ಹದ್ದು?

ಉತ್ತರ:

ಹಿರಿಯರ ವಿವರಣೆ ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ಹಕ್ಕಿಯ ಹದ್ದು ಬೇರೆ, ಗಡಿಯ ಹದ್ದು ಬೇರೆ. ಎರಡೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿ ಹಿಡಿದು ಬಂದು ಕನ್ನಡದಲ್ಲಿ ಒಂದೇ ರೂಪಕ್ಕೆ ನಿಂತಿವೆ.

ಹಕ್ಕಿಯನ್ನು ಮೊದಲು ನೋಡೋಣ. ಹಳಗನ್ನಡದಲ್ಲಿ ಅದರ ಹೆಸರು ‘ಪರ್ದು’. ತಮಿಳು, ಮಲಯಾಳದಲ್ಲಿ ಇವತ್ತಿಗೂ ಅದು ‘ಪರುಂದು’. ಅಂದರೆ ಇದು ನಮ್ಮ ಅಕ್ಕತಂಗಿ ಭಾಷೆಗಳ ಜೊತೆ ಹಂಚಿಕೊಂಡಿರುವ ಹಳೆಯ ದ್ರಾವಿಡ ಪದ. ‘ಪರ್ದು’ ‘ಹದ್ದು’ ಆಗಲು ಎರಡು ಬದಲಾವಣೆ ಸಾಕು. ಒಂದು, ಪದದ ಮೊದಲಿನ ‘ಪ’ ‘ಹ’ ಆಯಿತು. ಪಾಲು ಹಾಲಾದದ್ದು, ಪುಲಿ ಹುಲಿಯಾದದ್ದು, ಪೂ ಹೂವಾದದ್ದು ಹೀಗೆಯೇ. ಇನ್ನೊಂದು, ‘ರ್ದ’ ಇದ್ದ ಕಡೆ ‘ದ್ದ’ ಬಂತು. ‘ಇರ್ದು’ ಇವತ್ತು ‘ಇದ್ದು’ ಆಗಿದೆ. ಕೃಷ್ಣಾ ನದಿಗೆ ಇದ್ದ ‘ಪೆರ್ದೊರೆ’ ಎಂಬ ಹೆಸರು ‘ಹೆದ್ದೊರೆ’ ಆಗಿದೆ. ಪರ್ದು, ಪದ್ದು, ಹದ್ದು. ಇಷ್ಟೇ ಅದರ ಕಥೆ.

ಗಡಿಯ ಹದ್ದಿಗೆ ಈ ಹಿನ್ನೆಲೆಯೇ ಇಲ್ಲ. ಅದು ಅರಬ್ಬಿ ಪದ. ಮೂಲದಲ್ಲಿ ‘ಹದ್ದ್’. ಅಲ್ಲಿನ ‘ಹ’ ಗಂಟಲಿನ ಆಳದಿಂದ ಬರುತ್ತದೆ, ನಮ್ಮದು ಅಷ್ಟು ಒತ್ತಿ ಬರುವುದಿಲ್ಲ. ಅರಬ್ಬಿಯಲ್ಲಿ ಈ ಪದದ ಅರ್ಥಗಳು ತುಂಬ ಸೊಗಸಾಗಿ ಹರಡಿಕೊಂಡಿವೆ. ವಸ್ತುವಿನ ಅಂಚು ಹದ್ದ್. ಕತ್ತಿಯ ಅಲಗಿನ ಹರಿತವಾದ ಅಂಚೂ ಹದ್ದ್. ಎರಡು ಜಾಗಗಳ ನಡುವೆ ನಿಂತು ಒಂದು ಇನ್ನೊಂದರೊಳಗೆ ನುಗ್ಗದಂತೆ ತಡೆಯುವುದೂ ಹದ್ದ್. ತಡೆಯುವುದು ಎಂಬ ಅರ್ಥವೇ ಈ ಬೇರಿನ ಜೀವಾಳ ಎಂದು ಅರಬ್ಬಿಯ ಹಳೆಯ ನಿಘಂಟುಕಾರರು ಹೇಳುತ್ತಾರೆ. ‘ಹದ್ದಾದ್’ ಅಂದರೆ ಅಲ್ಲಿ ಬಾಗಿಲು ಕಾಯುವವನು, ಸೆರೆಮನೆ ಕಾಯುವವನು. ಕಮ್ಮಾರನಿಗೂ ಅದೇ ಹೆಸರು, ಯಾಕೆಂದರೆ ಕಬ್ಬಿಣಕ್ಕೆ ‘ಹದೀದ್’ ಅನ್ನುತ್ತಾರೆ. ಮೂರಕ್ಕೂ ಬೇರಿನ ಅಕ್ಷರಗಳು ಒಂದೇ.

ತರ್ಕಶಾಸ್ತ್ರದಲ್ಲಿ ‘ಹದ್ದ್’ ಅಂದರೆ ವ್ಯಾಖ್ಯೆ. ಒಂದು ಪದದ ಅರ್ಥ ಎಲ್ಲಿಂದ ಎಲ್ಲಿಯವರೆಗೆ ಎಂದು ಗೆರೆ ಹಾಕುವುದೇ ವ್ಯಾಖ್ಯೆ ತಾನೆ? ಇಸ್ಲಾಮಿನ ಧರ್ಮಶಾಸ್ತ್ರದಲ್ಲಿ ಇದರ ಬಹುವಚನ ‘ಹುದೂದ್’ ಬರುತ್ತದೆ. ದೇವರು ಹಾಕಿಕೊಟ್ಟ ಮಿತಿಗಳು, ಆ ಮಿತಿ ಮೀರಿದವರಿಗೆ ಗೊತ್ತುಪಡಿಸಿದ ಶಿಕ್ಷೆಗಳು, ಎರಡಕ್ಕೂ ಈ ಹೆಸರಿದೆ. ಅಂದರೆ ನೆಲದ ಅಂಚಿನಿಂದ ನಡತೆಯ ಅಂಚಿಗೆ ಈ ಪದ ಅರಬ್ಬಿಯಲ್ಲೇ ಕಾಲಿಟ್ಟಿತ್ತು. ನಾವು ‘ಹದ್ದು ಮೀರಿ ಮಾತಾಡಬೇಡ’ ಅನ್ನುವಾಗ ಆ ಹಳೆಯ ಅರ್ಥವೇ ನಮ್ಮ ಬಾಯಲ್ಲಿ ಮುಂದುವರಿದಿದೆ.

ಅರಬ್ಬಿಯಿಂದ ಪಾರಸಿಗೆ, ಪಾರಸಿಯಿಂದ ನಮ್ಮ ಕಡೆಗೆ, ಇದು ಬಂದ ದಾರಿ. ಹೊತ್ತು ತಂದದ್ದು ಆಡಳಿತ. 1347ರಲ್ಲಿ ಬಹಮನಿ ರಾಜ್ಯ ಶುರುವಾಗಿ ಕಲಬುರಗಿ ಅದರ ರಾಜಧಾನಿಯಾಯಿತು. ಆಮೇಲೆ ಬೀದರ್, ಆಮೇಲೆ ವಿಜಯಪುರದ ಆದಿಲಶಾಹಿ, 1686ರಲ್ಲಿ ಅದನ್ನು ಗೆದ್ದ ಮೊಘಲರು. ಇತ್ತ ಮೈಸೂರಿನಲ್ಲಿ ಹೈದರ್, ಟಿಪ್ಪು. ಅತ್ತ ಹೈದರಾಬಾದಿನ ನಿಜಾಮರು. ಜೊತೆಗೆ ಪಾರಸಿ ಪದಗಳನ್ನು ಧಾರಾಳವಾಗಿ ಬಳಸುತ್ತಿದ್ದ ಮರಾಠರ ಆಡಳಿತ. ನೂರಾರು ವರ್ಷ ನಮ್ಮ ರೈತ ಕಂದಾಯ ಕಟ್ಟಿದ ಕಚೇರಿಯ ಭಾಷೆಯಲ್ಲಿ ಪಾರಸಿ ತುಂಬಿತ್ತು. ಜಮೀನು, ತಾಲೂಕು, ಜಿಲ್ಲೆ, ಅರ್ಜಿ, ತಹಶೀಲ್ದಾರ, ದಸ್ತಾವೇಜು, ಜಮಾಬಂದಿ ಎಲ್ಲ ಆ ದಾರಿಯಲ್ಲೇ ಬಂದವು. ಹದ್ದು ಅವುಗಳ ಜೊತೆಗಾರ.

ಈ ಪದ ಹೊರಗಿನದು ಎಂದು ಅದರ ಮೈಕಟ್ಟೇ ಹೇಳುತ್ತದೆ. ‘ಹಕ್ಕು’ ಅರಬ್ಬಿಯ ಹಕ್ಕ್. ‘ರದ್ದು’ ಅರಬ್ಬಿಯ ರದ್ದ್. ‘ಹದ್ದು’ ಅರಬ್ಬಿಯ ಹದ್ದ್. ಮೂರೂ ಒತ್ತಕ್ಷರದಲ್ಲಿ ಮುಗಿಯುವ ಪದಗಳು. ಹಾಗೆ ವ್ಯಂಜನದಲ್ಲಿ ಮುಗಿಸುವುದು ಕನ್ನಡದ ನಾಲಿಗೆಗೆ ಆಗದು. ಅದಕ್ಕೆ ಕೊನೆಗೆ ಒಂದು ‘ಉ’ ಸೇರಿಸಿಕೊಂಡೆವು. ಹಿಂದಿಯವರು ಹಕ್, ಹದ್ ಎಂದು ಒತ್ತನ್ನೇ ಬಿಟ್ಟರು. ನಾವು ‘ಉ’ ಸೇರಿಸಿದ್ದರಿಂದ ಮೂಲದ ಒತ್ತು ನಮ್ಮಲ್ಲಿ ಉಳಿಯಿತು. ಮರಾಠಿಯಲ್ಲೂ ಹಕ್ಕ, ರದ್ದ, ಹದ್ದ ಎಂದು ಒತ್ತು ಇದೆ. ಈ ಒಂದು ವಿಷಯದಲ್ಲಿ ಹಿಂದಿಗಿಂತ ಕನ್ನಡ ಅರಬ್ಬಿಗೆ ಹತ್ತಿರ. ನನಗೆ ಇದು ತುಂಬ ಇಷ್ಟವಾಗುವ ಸಂಗತಿ.

ಕಾಲದ ಲೆಕ್ಕವೂ ಇದಕ್ಕೆ ಹೊಂದುತ್ತದೆ. ‘ಪ’ ‘ಹ’ ಆಗುವುದು ಸುಮಾರು ಹತ್ತನೇ ಶತಮಾನದಿಂದ ಶಾಸನಗಳಲ್ಲಿ ಕಾಣತೊಡಗಿ ನಡುಗನ್ನಡದ ಹೊತ್ತಿಗೆ ನೆಲೆಯಾಯಿತು. ಪಾರಸಿ ಪದಗಳು ಗುಂಪಾಗಿ ಬರುವಷ್ಟರಲ್ಲಿ ಆ ಬದಲಾವಣೆಯ ಕಾಲ ಮುಗಿದಿತ್ತು. ಅದಕ್ಕೇ ಪರವಾನಗಿ ‘ಹರವಾನಗಿ’ ಆಗಲಿಲ್ಲ, ಪರದೆ ‘ಹರದೆ’ ಆಗಲಿಲ್ಲ, ಪೈಲ್ವಾನ ‘ಹೈಲ್ವಾನ’ ಆಗಲಿಲ್ಲ. ಗಡಿಯ ಹದ್ದು ಬಂದಾಗ ಹಕ್ಕಿ ಆಗಲೇ ‘ಹದ್ದು’ ಆಗಿ ಕೂತಿತ್ತು. ಹಾಗಾಗಿ ಎರಡಕ್ಕೂ ರೂಪ ಒಂದೇ ಆಯಿತು. ವಿಭಕ್ತಿ ಹಚ್ಚಿದರೂ ವ್ಯತ್ಯಾಸ ತಿಳಿಯದು. ಹದ್ದಿನ ಕಣ್ಣು, ಹದ್ದಿನ ಒಳಗೆ. ಹಳೇ ಮೈಸೂರಿನ ಹಳ್ಳಿಗಳ ಕಡೆ ‘ಹ’ಕಾರ ಬಿಟ್ಟು ಎರಡನ್ನೂ ‘ಅದ್ದು’ ಅಂದುಬಿಡುತ್ತಾರೆ. ಹೀಗಿರುವಾಗ ನಿಮ್ಮ ಊರಿನ ಹಿರಿಯರು ಎರಡನ್ನೂ ಸೇರಿಸಿ ಒಂದು ಕಥೆ ಕಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ‘ಸರಹದ್ದು’. ಅಲ್ಲಿ ‘ಸರಿ’ ಇಲ್ಲ, ಕೊರಳಿನ ಸರವೂ ಇಲ್ಲ. ಪಾರಸಿಯಲ್ಲಿ ‘ಸರ್’ ಅಂದರೆ ತಲೆ. ಗಡಿಯ ತಲೆ, ಅಂದರೆ ನಾಡಿನ ತುತ್ತತುದಿಯ ಜಾಗ. ಸರದಾರ, ಸರಕಾರ, ಸರಂಜಾಮು ಇವುಗಳ ಮೊದಲಲ್ಲಿರುವುದೂ ಅದೇ ತಲೆ. ತೆಲುಗಿನವರು ಇದನ್ನು ‘ಸರಿಹದ್ದು’ ಮಾಡಿಕೊಂಡಿದ್ದಾರೆ. ಗೊತ್ತಿಲ್ಲದ ‘ಸರ್’ ಅನ್ನು ಗೊತ್ತಿರುವ ‘ಸರಿ’ಯಂತೆ ಕೇಳಿಸಿಕೊಂಡರು. ನಿಮಗೂ ಹಾಗೇ ಕೇಳಿಸಿದೆ ನೋಡಿ. ಕನ್ನಡದಲ್ಲಿ ಈಗ ಈ ಪದ ಹೆಚ್ಚಾಗಿ ಬದುಕಿರುವುದು ಪೊಲೀಸ್ ಠಾಣೆಯಲ್ಲಿ. “ಇದು ನಮ್ಮ ಸರಹದ್ದಿಗೆ ಬರಲ್ಲ, ಆ ಠಾಣೆಗೆ ಹೋಗಿ” ಎಂಬ ಮಾತು ಕೇಳದವರು ಕಡಿಮೆ.

‘ಹದ್ದುಬಸ್ತು’ ಇನ್ನೂ ಸ್ವಾರಸ್ಯದ್ದು. ಪಾರಸಿಯಲ್ಲಿ ‘ಬಸ್ತ್’ ಅಂದರೆ ಕಟ್ಟಿದ್ದು, ಬಿಗಿದದ್ದು. ಬಂದೋಬಸ್ತು ಎಂಬಲ್ಲಿ ಬರುವ ಬಸ್ತು ಇದೇ. ಹದ್ದುಬಸ್ತು ಎಂದರೆ ಹದ್ದನ್ನು ಕಟ್ಟಿ ಗಟ್ಟಿ ಮಾಡುವುದು. ಪಂಜಾಬ್, ಹರಿಯಾಣದಲ್ಲಿ ಪ್ರತಿ ಹಳ್ಳಿಗೂ ಕಂದಾಯ ದಾಖಲೆಯಲ್ಲಿ ‘ಹದ್‌ಬಸ್ತ್ ನಂಬರ್’ ಇರುತ್ತದೆ. ನಮ್ಮಲ್ಲಿ ಅದು ಹಳ್ಳಿಯ ನಂಬರಾಗದೆ ಅಳತೆಯ ಕೆಲಸದ ಹೆಸರಾಯಿತು.

ನೀವು ಹಾಕಿದ ಅರ್ಜಿ ಮುಂದೆ ಹೇಗೆ ಸಾಗುತ್ತದೆ ನೋಡಿ. ಮೊದಲು ಅಕ್ಕಪಕ್ಕದ ಜಮೀನಿನವರಿಗೆ ನೋಟಿಸ್ ಹೋಗುತ್ತದೆ. ಗೊತ್ತಾದ ದಿನ ಸರ್ವೆಯವರು ಹಳೆಯ ಟಿಪ್ಪಣಿಯ, ಅಂದರೆ ಹಿಂದಿನ ಅಳತೆಯ ದಾಖಲೆಯ, ನಕಲು ಹಿಡಿದು ಬರುತ್ತಾರೆ. ಮೊದಲ ಕೆಲಸ ಗಡಿಗೆ ನೆಟ್ಟ ಬಾಂದು ಕಲ್ಲು ಹುಡುಕುವುದು. ಮುಳ್ಳುಪೊದೆಯ ಒಳಗೆ, ಬದುವಿನ ಮಣ್ಣಿನ ಕೆಳಗೆ, ಕೆಲವು ಸಲ ಯಾರೋ ಕಿತ್ತು ದನ ಕಟ್ಟಲು ಹೂತ ಕಡೆ. ಕಲ್ಲು ಸಿಕ್ಕರೆ ಅಲ್ಲಿಂದ ಅಳತೆ ಶುರು. ಹಿಂದೆ 33 ಅಡಿಯ ಸರಪಳಿ ಎಳೆಯುತ್ತಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1089 ಚದರಡಿ. ಅಂಥ 40 ಸೇರಿದರೆ ಎಕರೆ. ಈಗ ಯಂತ್ರ ಬಂದಿದೆ. ಆದರೂ ಅಳತೆ ಮುಗಿದ ಮೇಲೆ ಎಲ್ಲರೂ ನೋಡುವುದು ಕಲ್ಲು ಎಲ್ಲಿ ನಿಂತಿತು ಅಂತಲೇ. ಆಮೇಲೆ ಪಂಚನಾಮೆ, ಹಾಜರಿದ್ದವರ ಸಹಿ. ಆ ಒಂದು ದಿನ ಹೊಲದಲ್ಲಿ ಓಡಾಡುವ ಮಾತುಗಳನ್ನು ಗಮನಿಸಿ. ನೋಟಿಸ್ ಇಂಗ್ಲಿಷಿನದು, ಟಿಪ್ಪಣಿ ಸಂಸ್ಕೃತದ್ದು, ಪಂಚನಾಮೆಯಲ್ಲಿ ಪಂಚ ಸಂಸ್ಕೃತದ್ದು, ನಾಮೆ ಪಾರಸಿಯದು. ಬದು ನಮ್ಮದೇ. ಪಕ್ಕದವರು ಬದು ಸರಿಸಿ ಉತ್ತಿದ್ದರೆ ಅದಕ್ಕೆ ಹೇಳುವ ‘ಒತ್ತುವರಿ’ಯೂ ನಮ್ಮದೇ.

ಕ್ರಯಪತ್ರದಲ್ಲಿ ‘ಚೆಕ್ಕುಬಂದಿ’ ಎಂಬ ಭಾಗ ಬರುತ್ತದಲ್ಲ, ಅದೂ ಈ ಕುಟುಂಬದ್ದೇ. ‘ಚಕ್’ ಅಂದರೆ ಜಮೀನಿನ ತುಂಡು, ‘ಬಂದಿ’ ಅಂದರೆ ಕಟ್ಟು. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ದಾರಿ ಎಂದು ನಾಲ್ಕೂ ಕಡೆ ಹೇಳಿ ತುಂಡನ್ನು ಕಟ್ಟುವುದು. ಹೆಸರು ಹೊರಗಿನದಾದರೂ ಕೆಲಸ ನಮ್ಮಲ್ಲಿ ಬಹಳ ಹಳೆಯದು. ಹಳಗನ್ನಡ ದಾನಶಾಸನಗಳಲ್ಲಿ ಕೊಟ್ಟ ಭೂಮಿಯ ಎಲ್ಲೆಯನ್ನು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಸುತ್ತು ಹಾಕಿ ಹೇಳುತ್ತಿದ್ದರು. ಇಲ್ಲಿ ಹುತ್ತ, ಅಲ್ಲಿ ಹಳ್ಳ, ಮುಂದೆ ಒಂದು ಮರ, ಮೂಲೆಗೆ ಒಂದು ನಟ್ಟ ಕಲ್ಲು. ಶಿವಾಲಯಕ್ಕೆ ಬಿಟ್ಟ ಭೂಮಿಯಾದರೆ ಲಿಂಗಮುದ್ರೆಯ ಕಲ್ಲು, ಬಸದಿಗೆ ಬಿಟ್ಟದ್ದಾದರೆ ಮುಕ್ಕೊಡೆಯ ಕಲ್ಲು, ಬ್ರಾಹ್ಮಣರಿಗೆ ಕೊಟ್ಟದ್ದಾದರೆ ಕೊಡೆ, ಕಮಂಡಲ ಹಿಡಿದ ವಾಮನನ ಕಲ್ಲು. ಈಗಲೂ ಹೊಲಗಳಲ್ಲಿ ಇಂಥವು ಸಿಗುತ್ತವೆ. ಎಷ್ಟೋ ಕಡೆ ಜನ ದೇವರೆಂದು ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಅದರಿಂದಲೇ ಕೆಲವು ಉಳಿದಿವೆ, ಒಳ್ಳೆಯದೇ ಆಯಿತು.

ಹಾಗಾದರೆ ಇಷ್ಟು ಮಾತುಗಳಿದ್ದೂ ‘ಹದ್ದು’ ಯಾಕೆ ಬೇಕಾಯಿತು? ನನ್ನ ಉತ್ತರ ಇಷ್ಟು: ಪ್ರತಿ ಪದವೂ ಬೇರೆ ಕೆಲಸಕ್ಕೆ ಹೋಗಿದೆ.

‘ಅಂಚು’ ವಸ್ತುವಿಗೆ ಅಂಟಿದ್ದು. ಸೀರೆಯ ಅಂಚು, ಮೇಜಿನ ಅಂಚು, ಬಾವಿಯ ಅಂಚು. ಆಚೆ ಏನಿದೆ ಎಂಬ ಚಿಂತೆ ಅದಕ್ಕಿಲ್ಲ. ‘ಗಡಿ’ಗೆ ಎರಡು ಕಡೆ ಬೇಕು. ಇತ್ತ ಒಬ್ಬರು, ಅತ್ತ ಇನ್ನೊಬ್ಬರು. ಜಾಗದ ಮಿತಿ ಗಡಿ, ಕಾಲದ ಮಿತಿ ಗಡುವು. ರಾಜ್ಯಗಳ ನಡುವಿನ ಜಗಳಕ್ಕೆ ನಾವು ‘ಗಡಿ ವಿವಾದ’ ಅನ್ನುತ್ತೇವೆ, ಮರಾಠಿಯವರು ‘ಸೀಮಾಪ್ರಶ್ನ’ ಅನ್ನುತ್ತಾರೆ. ‘ಹದ್ದು ವಿವಾದ’ ಎಂದು ಎರಡು ರಾಜ್ಯಗಳ ಜಗಳಕ್ಕೆ ಯಾರೂ ಬರೆಯುವುದಿಲ್ಲ, ಎರಡು ಹೊಲಗಳದ್ದಕ್ಕೆ ಬೇಕಾದರೆ ಹೇಳುತ್ತಾರೆ. ‘ಎಲ್ಲೆ’ ತಮಿಳಿನ ‘ಎಲ್ಲೈ’ಯ ಜೊತೆಯದು, ಹಳೆಯದು. ಈಗ ಅದು ಮನಸ್ಸಿನ, ಕಲ್ಪನೆಯ, ಬರವಣಿಗೆಯ ಮಾತಾಗಿದೆ.

‘ಸೀಮೆ’ಯಂತೂ ಗಡಿಯ ಕೆಲಸವನ್ನು ಬಹುಪಾಲು ಬಿಟ್ಟೇಬಿಟ್ಟಿತು. ಸಂಸ್ಕೃತದ ಸೀಮಾ ಅಂದರೆ ಗೆರೆ, ಗಡಿ. ಬಸುರಿಗೆ ಮಾಡುವ ಸೀಮಂತದ ಹೆಸರೂ ಅಲ್ಲಿಂದಲೇ, ಕೂದಲನ್ನು ಎರಡು ಪಾಲು ಮಾಡುವ ಬೈತಲೆಯ ಗೆರೆಯೇ ಸೀಮಂತ. ಕನ್ನಡಕ್ಕೆ ಬಂದ ಸೀಮೆ ಗೆರೆಯನ್ನು ಬಿಟ್ಟು ಗೆರೆಯ ಒಳಗಿನ ನಾಡಾಯಿತು. ಬಯಲುಸೀಮೆ, “ಯಾವ ಸೀಮೆಯವನಪ್ಪಾ ನೀನು!” ಆಮೇಲೆ ಗೆರೆಯ ಆಚೆಗೂ ಜಿಗಿದು ಪರದೇಶವಾಯಿತು. ಹಡಗಿನಲ್ಲಿ ಬಂದದ್ದಕ್ಕೆಲ್ಲ ಸೀಮೆ ಅಂಟಿಸಿದೆವು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಗಡಿ ಎಂಬ ಅರ್ಥದಿಂದ ಹೊರಟ ಪದ ಗಡಿಯಾಚೆಗೆ ಹೋಗಿ ನಿಂತಿದೆ.

‘ಮರ್ಯಾದೆ’ ಇನ್ನೊಂದು. ಸಂಸ್ಕೃತದಲ್ಲಿ ಅದರ ಮೊದಲ ಅರ್ಥವೇ ಗಡಿ, ದಡ. ಮರಾಠಿಯಲ್ಲಿ ಈಗಲೂ ಮಿತಿಗೆ ‘ಮರ್ಯಾದಾ’ ಅನ್ನುತ್ತಾರೆ. ನಮ್ಮಲ್ಲಿ ಗಡಿ ಹೋಗಿ ಗೌರವ ಮಾತ್ರ ಉಳಿಯಿತು. “ಮರ್ಯಾದೆಯಲ್ಲಿ ಇರು” ಎನ್ನುವುದೂ “ನಿನ್ನ ಹದ್ದಿನಲ್ಲಿ ಇರು” ಎನ್ನುವುದೂ ಹುಟ್ಟಿನಲ್ಲಿ ಒಂದೇ ಮಾತು. ಎರಡು ಬೇರೆ ಭಾಷೆಗಳ ಗಡಿಯ ಪದಗಳು ಒಂದೇ ರೀತಿ ನಡತೆಗೆ ತಿರುಗಿಕೊಂಡವು.

ಈಗ ಹದ್ದಿನ ವಿಶೇಷ ಕೇಳಿ. ‘ಎಲ್ಲೆ ಮೀರಿದ ಸಂತೋಷ’ ಅನ್ನಬಹುದು, ಅದು ಹೊಗಳಿಕೆ. ‘ಗಡಿ ದಾಟಿದ ಸ್ನೇಹ’ ಅನ್ನಬಹುದು, ಅದೂ ಹೊಗಳಿಕೆ. ‘ಹದ್ದು ಮೀರಿದ ಸಂತೋಷ’ ಅಂದು ನೋಡಿ, ಕಿವಿಗೆ ಒಗ್ಗುವುದಿಲ್ಲ. ಹದ್ದು ಮೀರಿದ ಮಾತು, ಹದ್ದು ಮೀರಿದ ವರ್ತನೆ, ಎಲ್ಲವೂ ಬೈಗುಳದ ಕಡೆಗೇ. ಹಿಂದಿಯಲ್ಲಿ ಹಾಗಿಲ್ಲ. ಅಲ್ಲಿ ‘ಬೇಹದ್ ಖುಷಿ’ ಅಂದರೆ ಮಿತಿಯಿಲ್ಲದ ಖುಷಿ, ಒಳ್ಳೆಯ ಮಾತೇ. ಪದ ಒಂದೇ ಆದರೂ ನಮ್ಮಲ್ಲಿ ಅದು ಕಚೇರಿಯಿಂದ ಹೊಲದ ಬದುವಿಗೆ ಬಂತು. ಬದುವಿನಲ್ಲಿ ಹದ್ದು ಮೀರುವುದು ಅಂದರೆ ಪಕ್ಕದವನ ನೆಲಕ್ಕೆ ಕಾಲಿಡುವುದು. ಅದರಲ್ಲಿ ಹೊಗಳುವಂಥದ್ದು ಏನೂ ಇಲ್ಲ. ಆ ಕೋಪ ಪದಕ್ಕೆ ಅಂಟಿಕೊಂಡು ಉಳಿಯಿತು ಎಂದೇ ನನಗನ್ನಿಸುತ್ತದೆ. ‘ಹದ್ದುಬಸ್ತಿನಲ್ಲಿ ಇಡು’ ಎಂಬುದೂ ಹೀಗೇ. ಮಕ್ಕಳನ್ನು, ಖರ್ಚನ್ನು, ನಾಲಿಗೆಯನ್ನು ಹದ್ದುಬಸ್ತಿನಲ್ಲಿಡು ಅನ್ನುತ್ತೇವೆ. ಸುಮ್ನೆ ‘ಹತೋಟಿ’ ಅಂದರೆ ಇಷ್ಟು ಬಿಗಿ ಬರುವುದಿಲ್ಲ.

ಬರೆಯುವವರಿಗೆ ಒಂದು ಎಚ್ಚರಿಕೆ. ‘ಹದ ಮೀರು’ ಬೇರೆ, ‘ಹದ್ದು ಮೀರು’ ಬೇರೆ. ಇತ್ತೀಚೆಗೆ ಎರಡನ್ನೂ ಕಲಸುವುದು ಜಾಸ್ತಿಯಾಗಿದೆ. ‘ಹದ’ ನಮ್ಮ ಹಳೆಯ ‘ಪದ’, ತಮಿಳಿನಲ್ಲಿ ‘ಪದಂ’. ಬೆಲ್ಲದ ಪಾಕಕ್ಕೆ ಹದವಿದೆ, ಬಿತ್ತನೆಗೆ ನೆಲದ ಹದವಿದೆ, ಚರ್ಮವನ್ನು ಹದ ಮಾಡುತ್ತಾರೆ. ಪಾಕ ಹದ ಮೀರಿದರೆ ಗಟ್ಟಿಯಾಗುತ್ತದೆ, ಅದರಲ್ಲಿ ಯಾರ ಜಾಗಕ್ಕೂ ನುಗ್ಗಿದಂತಾಗಲಿಲ್ಲ. ಮಾತು ಖಾರವಾಗಿ ಹೋಯಿತು ಅನ್ನಬೇಕಿದ್ದರೆ ಹದ ತಪ್ಪಿತು ಅನ್ನಿ. ಆಡಬಾರದವರ ಮುಂದೆ ಆಡಬಾರದ್ದನ್ನು ಆಡಿದರೆ ಹದ್ದು ಮೀರಿತು ಅನ್ನಿ.

ಇನ್ನು ನಿಮ್ಮೂರಿನ ಹದ್ದಿನಕಲ್ಲು. ಹೆಸರನ್ನು ಕೇಳಿದ ಮಾತ್ರಕ್ಕೆ ನಿರ್ಧಾರ ಮಾಡಲಾಗದು, ಎರಡು ಹದ್ದಿಗೂ ಅದು ಸಲ್ಲುತ್ತದೆ. ಆದರೆ ಪರೀಕ್ಷೆ ಮಾಡಲು ದಾರಿಗಳಿವೆ. ಊರಿನ ಗ್ರಾಮನಕ್ಷೆ ತೆಗೆದು ನೋಡಿ, ಕಂದಾಯ ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ. ಬಂಡೆ ಎರಡು ಊರುಗಳ ಗೆರೆಯ ಮೇಲೆ, ಅಥವಾ ಮೂರು ಊರು ಕೂಡುವ ಮೂಲೆಯಲ್ಲಿ ಇದ್ದರೆ ಅದು ಗಡಿಯ ಹದ್ದಾಗುವ ಸಾಧ್ಯತೆ ಹೆಚ್ಚು. ಬಂಡೆಯ ಮೇಲೆ ಲಿಂಗಮುದ್ರೆ, ಮುಕ್ಕೊಡೆ, ಬಾಣದ ಗುರುತು ಏನಾದರೂ ಕೆತ್ತಿದ್ದಾರೆಯೇ ನೋಡಿ. ಇದ್ದರೆ ಫೋಟೊ ತೆಗೆಯಿರಿ, ಬಣ್ಣ ಬಳಿಯಲು ಬಿಡಬೇಡಿ. ಅದೇನೂ ಇಲ್ಲದೆ ಬಂಡೆ ಊರಿನ ನಡುವೆಯೇ ಎತ್ತರವಾಗಿ, ಕಡಿದಾದ ಮುಖದೊಂದಿಗೆ ನಿಂತಿದ್ದು, ಮೇಲೆ ಹಕ್ಕಿಯ ಹಿಕ್ಕೆಯ ಬಿಳಿ ಕಲೆ ಇದ್ದರೆ ಹಕ್ಕಿಯ ಹದ್ದೇ ಇರಬೇಕು. ಕೊನೆಯದಾಗಿ, ಹತ್ತಿರದ ಊರುಗಳ ಶಾಸನಪಾಠಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟದಲ್ಲಿ ಹುಡುಕಿ. ನಿಮ್ಮ ತಾಲೂಕಿನ ಸಂಪುಟದಲ್ಲಿ ಆ ಬಂಡೆಯ ಹೆಸರು ‘ಪರ್ದು’ ಎಂದು ಶುರುವಾಗಿದ್ದರೆ ಬೇರೆ ಪುರಾವೆ ಬೇಕಿಲ್ಲ, ಅದು ಹಾರುವ ಹದ್ದು.